ಬೆಂಕಿಗೆ ಎಲ್ಲಿದೆ ಮೀಟರು?

2023ರ ಮಾರ್ಚ್ 14, ಮಂಗಳವಾರ, ಬೆಳಗ್ಗೆ ಏಳು ಗಂಟೆ ಐದು ನಿಮಿಷ. ಸೂರ್ಯಕಾಂತಿ ಹೊಲ ಇನ್ನೂ ಮೂರು ಕಿಲೋಮೀಟರ್ ದೂರ ಇರುವಾಗಲೇ ಜೇನಿನ ವ್ಯಾನು ಎಡಕ್ಕೆ ವಾಲಿ ನಿಂತುಬಿಟ್ಟಿತು.

ವ್ಯಾನಿನ ಹಿಂಭಾಗದಲ್ಲಿ ಇಪ್ಪತ್ತು ಜೇನುಪೆಟ್ಟಿಗೆ. ಅವು ಪುಟ್ಟಿಯವು. ವಯಸ್ಸು ಮೂವತ್ತಾದರೂ ಮನೆಯಲ್ಲಿ ಅವಳು ಪುಟ್ಟಿಯೇ. ಹಿಂದಿನ ಸಂಜೆ ಹುಳುಗಳೆಲ್ಲ ಗೂಡು ಸೇರಿದ ಮೇಲೆ ಅವಳೇ ಪ್ರತಿ ಪೆಟ್ಟಿಗೆಯ ಬಾಗಿಲಿಗೂ ಜಾಲರಿ ಹಾಕಿದ್ದಳು. ಬಿಸಿಲೇರುವ ಮೊದಲು ಹೊಲ ಮುಟ್ಟಿ ಅದನ್ನು ತೆಗೆಯಬೇಕು. ತಡವಾದರೆ ಒಳಗೆ ಮೇಣ ಕರಗಿ ಹುಳುಗಳು ಬೆಂದುಹೋಗುತ್ತವೆ. ಇಲ್ಲೇ ತೆಗೆದರೆ ಅವು ಈ ಜಾಗವನ್ನೇ ಮನೆ ಎಂದು ಗುರುತಿಟ್ಟುಕೊಳ್ಳುತ್ತವೆ. ವ್ಯಾನು ಹೊರಟ ಮೇಲೆ ಅವಕ್ಕೆ ಮರಳಲು ಗೂಡಿರುವುದಿಲ್ಲ.

ಓಡಿಸುತ್ತಿದ್ದವರು ಅವಳ ಚಿಕ್ಕಪ್ಪ. ಪಕ್ಕದಲ್ಲಿ ಪುಟ್ಟಿ, ಚಿಕ್ಕಮ್ಮ. ದಾರಿಯಲ್ಲಿ ಕೆಸರಿತ್ತು. ಚಕ್ರ ಹೂತುಕೊಳ್ಳದಿರಲೆಂದು ಟೈರುಗಳ ಗಾಳಿ ತಗ್ಗಿಸಿದ್ದರು. ಅಲ್ಲಿಗೆ ಸರಿ. ಆದರೆ ಗಟ್ಟಿ ನೆಲ ಸಿಕ್ಕಿದ ಮೇಲೂ ಗಾಳಿ ತುಂಬಲಿಲ್ಲ. ತಿರುವಿನಲ್ಲಿ ಸ್ಟೇರಿಂಗನ್ನು ಒಂದೇ ಏಟಿಗೆ ಪೂರ್ತಿ ತಿರುಗಿಸಿದರು. ಮುಂದಿನ ಎಡ ಟೈರು ರಿಮ್ಮಿನಿಂದ ಜಾರಿತು. ಟ್ಯೂಬ್‌ಲೆಸ್ ಟೈರು ಅದು. ಅಂಚು ರಿಮ್ಮಿಗೆ ಒತ್ತಿ ಕೂತಿದ್ದರೆ ಮಾತ್ರ ಒಳಗೆ ಗಾಳಿ ನಿಲ್ಲುತ್ತದೆ. ಜಾರಿತೋ, ಉಸ್ಸೆಂದು ಖಾಲಿ.

"ಸ್ಟೆಪ್ನಿ ಎಲ್ರೀ?" ಎಂದು ಕೇಳಿದರು ಚಿಕ್ಕಮ್ಮ.

"ಪಂಕ್ಚರ್ ಅಂಗಡೀಲಿ ಆರಾಮಾಗಿ ಮಲಗಿದೆ" ಎನ್ನುತ್ತಾ ಚಿಕ್ಕಪ್ಪ ಸೀಟಿನ ಕೆಳಗಿನಿಂದ ಪೆಟ್ರೋಲು ಬಾಟಲಿ ತೆಗೆದರು. "ಚಿಂತೆ ಬೇಡ. ಟೈರೊಳಗೆ ಒಂಚೂರು ಪೆಟ್ರೋಲು, ಒಂದು ಕಡ್ಡಿ. ಢಂ ಅಂತ ಕೂತ್ಕೊಳ್ಳುತ್ತೆ. ಮೊಬೈಲಲ್ಲಿ ನೋಡಿಲ್ವೇನಮ್ಮಾ?"

"ಮೊಬೈಲ್ ಯಾಕೆ ಚಿಕ್ಕಪ್ಪ, ನಿಮ್ಮ ಮುಖದಲ್ಲೇ ನೋಡಿದೀನಿ" ಎಂದಳು ಪುಟ್ಟಿ. ಅವರ ಎಡ ಹುಬ್ಬು ಅರ್ಧಕ್ಕೇ ನಿಂತಿತ್ತು.

"ಹುಬ್ಬು ಹೋದ್ರೂ ಟೈರು ಕೂತಿತಲ್ಲ!"

"ಕೂತಿತು, ಆರು ತಿಂಗಳು ಬಾಳಿತು. ಹುಬ್ಬು ಮಾತ್ರ ಇವತ್ತಿಗೂ ಬರಲಿಲ್ಲ" ಎಂದರು ಚಿಕ್ಕಮ್ಮ.

ಪುಟ್ಟಿ ಬಾಟಲಿ ಇಸಿದುಕೊಂಡು ದೂರದ ಮರದ ಬುಡದಲ್ಲಿ ಇಟ್ಟು ಬಂದಳು. "ಪಂಪಿಗೆ ಮೀಟರಿದೆ, ಬೇಕೆಂದಾಗ ನಿಲ್ಲಿಸಬಹುದು. ಬೆಂಕಿಗೆ ಎಲ್ಲಿದೆ ಮೀಟರು? ಒತ್ತಡ ಎಷ್ಟು ಏರಬೇಕು ಅಂತ ಅದು ನಮ್ಮನ್ನ ಕೇಳುತ್ತಾ? ಟೈರು ಸಿಡಿದರೆ ಹೋಗೋದು ಹುಬ್ಬೊಂದೇ ಅಲ್ಲ. ಒಳಗೆ ಆವಿ ಉಳಿದರೆ ಆಮೇಲೂ ಹೊತ್ತಿಕೊಳ್ಳಬಹುದು. ನಮ್ಮ ಹತ್ತಿರ ಹಗ್ಗ ಇದೆ, ಸೋಪಿದೆ, ಬ್ಯಾಟರಿ ಪಂಪಿದೆ. ಸಾಕು."

"ಸೋಪು ಹಾಕಿ ಸ್ನಾನ ಮಾಡಿಸ್ತೀಯಾ ಟೈರಿಗೆ? ಅಷ್ಟರಲ್ಲಿ ಹತ್ತು ಗಂಟೆ ಆಗುತ್ತೆ ನೋಡು" ಎಂದು ಗೊಣಗಿದರೂ ಚಿಕ್ಕಪ್ಪ ಹ್ಯಾಂಡ್‌ಬ್ರೇಕ್ ಎಳೆದು ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟರು. ಹಲಗೆಯ ಮೇಲೆ ಜಾಕ್ ಇಟ್ಟು ಚಕ್ರ ಎತ್ತಿದರು. ಜಾಕ್ ಜಾರಿದರೂ ವ್ಯಾನು ಬೀಳದಂತೆ ಪುಟ್ಟಿ ಪಕ್ಕದಲ್ಲೇ ದಪ್ಪ ಮರದ ದಿಮ್ಮಿ ತಳ್ಳಿದಳು. ಚಿಕ್ಕಮ್ಮ ಗೋಣಿಚೀಲ ನೆನೆಸಿ ಪೆಟ್ಟಿಗೆಗಳ ಮೇಲೆ ಹೊದಿಸತೊಡಗಿದರು.

ಪುಟ್ಟಿ ಟೈರಿನ ಸುತ್ತ ಕೈಯಾಡಿಸಿದಳು. ಎಲ್ಲೂ ಸೀಳಿಲ್ಲ, ತಂತಿ ಹೊರಬಂದಿಲ್ಲ, ರಿಮ್ಮು ಬಾಗಿಲ್ಲ. ಇವುಗಳಲ್ಲಿ ಒಂದು ಕಂಡಿದ್ದರೂ ಅವಳು ಗಾಳಿ ತುಂಬುತ್ತಿರಲಿಲ್ಲ. ಕೆಸರು ಒರೆಸಿ ಎರಡೂ ಅಂಚಿಗೆ ಸೋಪಿನ ನೀರು ಬಳಿದಳು. ಟೈರಿನ ನಡು ಮೈಗೆ ಹಗ್ಗ ಸುತ್ತಿ, ಗುದ್ದಲಿಯ ಕಾವು ಸಿಕ್ಕಿಸಿ ತಿರುಚಿದಳು. ನಡು ಒಳಗೆ ಅದುಮಿದಂತೆ ಎರಡೂ ಅಂಚು ಅಗಲವಾಗಿ ರಿಮ್ಮಿನ ಕಡೆ ಸರಿದವು.

"ಅರೆ! ನಡು ಬಿಗಿದರೆ ಬದಿ ಉಬ್ಬುತ್ತೆ" ಎಂದರು ಚಿಕ್ಕಪ್ಪ.

"ನಿಮ್ಮ ಬೆಲ್ಟಿನ ಹಾಗೇ" ಎಂದಳು ಪುಟ್ಟಿ.

ಗಾಳಿ ಬೇಗ ನುಗ್ಗಲೆಂದು ವಾಲ್ವಿನ ಒಳಗಿನ ಪಿನ್ನು ಬಿಚ್ಚಿ, ಉದ್ದ ಪೈಪು ಕಚ್ಚಿಸಿ, ಪಂಪು ಶುರುಮಾಡಿದಳು. ರಬ್ಬರು ರಿಮ್ಮಿಗೆ ತಾಗಿ ಗಾಳಿ ನಿಲ್ಲುವ ಸೂಚನೆ ಕಂಡದ್ದೇ ತಡ, ಪಂಪು ನಿಲ್ಲಿಸಿ ಹಗ್ಗ ಬಿಚ್ಚಿದಳು. ಒತ್ತಡ ಏರಿದ ಮೇಲೆ ಹಗ್ಗ ಹರಿದರೆ ಕಾವು ಹಾರಿ ಬಂದು ಹೊಡೆಯುತ್ತದೆ. ಆಮೇಲೆ ಇಬ್ಬರನ್ನೂ ವ್ಯಾನಿನ ಹಿಂದಕ್ಕೆ ಕರೆದೊಯ್ದಳು. ಟೈರಿನ ಬದಿಗೆ ಎದುರಾಗಿ ಯಾರೂ ನಿಲ್ಲುವಂತಿಲ್ಲ. ಮೀಟರೂ ಪಂಪಿನ ಗುಂಡಿಯೂ ಇಲ್ಲೇ ಕೈಯಲ್ಲಿದ್ದವು. ಪಂಪು ಮತ್ತೆ ಶುರುಮಾಡಿದಳು.

ಟಪ್! ಹೊರಗಿನ ಅಂಚು ಕೂತಿತು. ಒಳಗಿನದು ಕೂರಲಿಲ್ಲ. ಮೂವತ್ತು. ಮೂವತ್ತೈದು. ನಲವತ್ತು ಪಿಎಸ್‌ಐ. ಪುಟ್ಟಿ ಪಂಪು ಆರಿಸಿದಳು.

"ಯಾಕೆ ನಿಲ್ಲಿಸಿದೆ? ಇನ್ನೊಂಚೂರು ಕೊಡು, ಕೂತುಬಿಡುತ್ತೆ!"

"ಕೂರಿಸುವಾಗ ನಲವತ್ತು ದಾಟಬಾರದು ಅಂತ ಈ ಟೈರಿನ ಮೇಲೇ ಬರೆದಿದೆ."

"ನಾನು ಬೂಟಿಂದ ಒದೀತೀನಿ ತಡಿ."

"ಹತ್ತಿರ ಹೋಗಬೇಡಿ!" ಅವಳ ದನಿಗೆ ಚಿಕ್ಕಪ್ಪ ನಿಂತಲ್ಲೇ ನಿಂತರು.

ಗಂಟೆ ಏಳೂಮುಕ್ಕಾಲು. ಪೆಟ್ಟಿಗೆಗಳ ಗುಂಯ್ ಸದ್ದು ಹೆಚ್ಚಿತ್ತು. ಗಾಳಿ ಬಿಟ್ಟರೆ ಮತ್ತೆ ಮೊದಲಿಂದ ಶುರು. ಪುಟ್ಟಿಯ ಬೆರಳು ಗುಂಡಿಯ ಮೇಲೇ ಇತ್ತು. ಇನ್ನು ಎರಡು ಕೊಟ್ಟರೆ, ಮೂರು ಕೊಟ್ಟರೆ? ಅವಳಿಗೂ ಆಸೆಯಾಯಿತು. ಆದರೆ ಕೂರದೇ ಇರುವುದಕ್ಕೆ ಏನೋ ಕಾರಣ ಇರಬೇಕು. ಅದು ಗೊತ್ತಿಲ್ಲದೆ ಒತ್ತಡ ಏರಿಸುವುದು ಕಣ್ಣುಕಟ್ಟಿಕೊಂಡು ಓಡಿದ ಹಾಗೆ. ಗುಂಡಿಯಿಂದ ಬೆರಳು ತೆಗೆದು, ಪೈಪಿನ ಈ ತುದಿಯನ್ನು ಪಂಪಿನಿಂದ ಕಳಚಿದಳು. ಗಾಳಿಯೆಲ್ಲ ಹೊರಹೋಯಿತು.

ಸದ್ದು ಪೂರ್ತಿ ನಿಂತ ಮೇಲಷ್ಟೇ ಒಳಬದಿಗೆ ಕೈ ಹಾಕಿದಳು. ಅಂಚಿಗೂ ರಿಮ್ಮಿಗೂ ನಡುವೆ ಒಣಗಿದ ಮಣ್ಣಿನ ಹೆಂಟೆಯೊಂದು ಸಿಕ್ಕಿಕೊಂಡಿತ್ತು. ಮರದ ಚಕ್ಕೆಯಿಂದ ಕೆರೆದು ತೆಗೆದಳು. ಹುಣಸೆಬೀಜದಷ್ಟಿತ್ತು.

"ಇಷ್ಟಕ್ಕಾ!" ಎಂದರು ಚಿಕ್ಕಪ್ಪ. ಈ ಸಲ ಸೋಪಿನ ನೀರು ಬಳಿದವರು, ಹಗ್ಗ ತಿರುಚಿದವರು ಅವರೇ. ಹಗ್ಗ ಬಿಚ್ಚಿದ ಮೇಲೆ ಯಾರೂ ಹೇಳದೆಯೇ ವ್ಯಾನಿನ ಹಿಂದೆ ಹೋಗಿ ನಿಂತರು.

ಟಪ್. ಟಪ್.

ಚಿಕ್ಕಪ್ಪ ಮೀಟರು ನೋಡಿದರು, ಪುಟ್ಟಿಯನ್ನು ನೋಡಿದರು. ಗಾಳಿ ಬಿಟ್ಟು, ಪಿನ್ನು ಹಾಕಿ, ಓಡಿಸಲು ಬೇಕಾದಷ್ಟು ತುಂಬಿದರು. ಟೈರಿನ ಅಂಚಿನ ಮೇಲಿನ ಗೆರೆ ರಿಮ್ಮಿನಿಂದ ಎಲ್ಲ ಕಡೆ ಒಂದೇ ಅಂತರದಲ್ಲಿತ್ತು. ಸೋಪಿನ ನೀರು ಬಿಟ್ಟು ನೋಡಿದರೆ ಒಂದು ಗುಳ್ಳೆಯೂ ಏಳಲಿಲ್ಲ.

ಎಂಟೂವರೆಗೆ ಹೊಲ ಸೇರಿದರು. ಪುಟ್ಟಿ ಹುಳುಗಳನ್ನು ಶಾಂತ ಮಾಡುವ ಹೊಗೆಡಬ್ಬಿಯನ್ನು ಚಿಕ್ಕಪ್ಪನ ಕೈಗಿತ್ತು, "ತಗೊಳ್ಳಿ, ಈಗ ಕಡ್ಡಿ ಗೀರಿ" ಎಂದಳು. ಜಾಲರಿ ತೆಗೆದಂತೆ ಇಪ್ಪತ್ತೂ ಪೆಟ್ಟಿಗೆಗಳಿಂದ ಹುಳುಗಳು ಹೊರಬಂದವು. ವಾಪಸು ಬರುವಾಗ ಚಿಕ್ಕಪ್ಪ ಆ ಪೆಟ್ರೋಲನ್ನು ಟ್ಯಾಂಕಿಗೇ ಸುರಿದರು.

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯಲ್ಲಿ ಒಂದು ಹಗ್ಗ, ಒಂದು ಸೋಪು, ಮೀಟರಿರುವ ಪಂಪು ಇಟ್ಟುಕೊಳ್ಳಿ. ಟೈರಿಗೆ ಬೆಂಕಿ ಬೇಡವೇ ಬೇಡ. ನಿಮ್ಮ ಟೈರಿನ ಮೇಲೆ ಬರೆದ ಮಿತಿ ಓದಿ. ಅಷ್ಟಕ್ಕೂ ಕೂರದಿದ್ದರೆ ಗಾಳಿ ಬಿಟ್ಟು ಕಾರಣ ಹುಡುಕಿ. ಸೀಳಿದ ಟೈರನ್ನೂ, ಟೈರು ಹಿಡಿದಿಡಲು ಕಬ್ಬಿಣದ ರಿಂಗ್ ಹಾಕಿದ ಲಾರಿಯ ಚಕ್ರವನ್ನೂ ದಾರಿಯಲ್ಲಿ ಮುಟ್ಟಬೇಡಿ, ತಿಳಿದ ಕೆಲಸಗಾರರನ್ನು ಕರೆಯಿರಿ. ದಾರಿಯಲ್ಲಿ ಕೂರಿಸಿದ ಟೈರನ್ನು ನಿಧಾನವಾಗಿ ಓಡಿಸಿ ಅಂಗಡಿಯಲ್ಲಿ ತೋರಿಸಿ.

ಅವಸರದಲ್ಲಿದ್ದಾಗ ಆ ಬೆಳಗನ್ನು ನೆನೆಯಿರಿ. ನಲವತ್ತಕ್ಕೂ ಜಗ್ಗದ ಅಂಚು, ಮಣ್ಣು ತೆಗೆದ ಮೇಲೆ ಕೂತದ್ದು ಇಪ್ಪತ್ತೇಳು ಪಿಎಸ್‌ಐಗೆ.