ಕುಕ್ಕಪ್ಪಣ್ಣನ ಎಲೆಯಡಿಕೆಯ ಹೊತ್ತು

ಎಂಜಿನು ರಿಪೇರಿ ಮಾಡಿದ ಮೇಲೆ ಕುಕ್ಕಪ್ಪಣ್ಣನ ಬಾಯಿಂದ "ಸರಿಯಾಯ್ತು" ಎಂಬ ಮಾತು ಹೊರಡಬೇಕಾದರೆ, ನಡುವೆ ಒಂದು ಎಲೆಯಡಿಕೆ ಪೂರ್ತಿ ಅಗಿದು ಮುಗಿಯಲೇಬೇಕಿತ್ತು. ಎಂಜಿನು ಓಡುತ್ತಿರಬೇಕು, ಇವರು ಕಣ್ಣು ಮುಚ್ಚಿ ಅಗಿಯುತ್ತಿರಬೇಕು. ಆ ಕಾಲು ಗಂಟೆ ಯಾವ ಸಾಹೇಬರು ಬಂದು ಮಾತಾಡಿಸಿದರೂ ಕಣ್ಣು ತೆರೆಯುತ್ತಿರಲಿಲ್ಲ. ಸುಳ್ಯದ ಕಡೆಯಿಂದ ಬಂದು ನಮ್ಮೂರಿನ ದರ್ಬೆ ಪೇಟೆಯಲ್ಲಿ ಪಂಪುಸೆಟ್ಟು ರಿಪೇರಿಯ ಅಂಗಡಿ ಇಟ್ಟಿದ್ದ ಈ ಗೌಡರು, ಎಡಗಾಲನ್ನು ತುಸು ಎಳೆದು ಹಾಕುತ್ತ, ಸೆಕೆಗಾಲದಲ್ಲೂ ಕಳಚದ ಖಾಕಿ ಕೋಟಿನ ಕಿಸೆಯಲ್ಲಿ ಸ್ಪ್ಯಾನರುಗಳ ಜೊತೆಗೆ ಮುರಿದ ಕೊಡೆಯ ಕಡ್ಡಿಯೊಂದನ್ನು ಸಿಕ್ಕಿಸಿಕೊಂಡು ನಡೆದು ಬರುವುದು ಸದ್ದಿನಿಂದಲೇ ತಿಳಿಯುತ್ತಿತ್ತು.

ಎಪ್ಪತ್ತೆಂಟರ ಫೆಬ್ರವರಿಯ ಒಂದು ಸಂಜೆ, ಪೆರಾಬೆಯ ಗುಡ್ಡದ ಮೇಲಿನ ಕೆಂಪು ಮುರಕಲ್ಲಿನ ಬಯಲಿನಲ್ಲಿ, ಎರಡು ಸೀಟಿನ ಖಾಸಗಿ ವಿಮಾನವೊಂದು ಎಂಜಿನು ನಿಂತು ಇಳಿಯಿತು. ನಡೆಸುತ್ತಿದ್ದವರು ಅದರ ಒಡೆಯರಾದ ಮಂಗಳೂರಿನ ಉದಯಶಂಕರ. ಪಕ್ಕದಲ್ಲಿ ಹೆಂಡತಿ ಪಂಕಜಾಕ್ಷಿ. ಇಬ್ಬರಿಗೂ ಒಂದು ಗೀರೂ ಆಗಿರಲಿಲ್ಲ. ಯಾರೋ ಜೀಪಿನಲ್ಲಿ ಹೋಗಿ ಕುಕ್ಕಪ್ಪಣ್ಣನನ್ನು ಕರೆತಂದರು. ವಿಮಾನವನ್ನು ಅಷ್ಟು ಹತ್ತಿರದಿಂದ ಅವರು ನೋಡಿದ್ದೇ ಅಂದು. ಸುತ್ತ ಒಂದು ಪ್ರದಕ್ಷಿಣೆ ಬಂದು, ಪೆಟ್ರೋಲಿನ ಫಿಲ್ಟರು ಬಿಚ್ಚಿ ಕಸ ತೆಗೆದರು. ಎಂಜಿನು ಮೊದಲ ಸಲಕ್ಕೇ ಸುರುವಾಯಿತು; ವಿಮಾನ ನೋಡಲು ಸೇರಿದ್ದ ನಾವೆಲ್ಲ ಚಪ್ಪಾಳೆ ತಟ್ಟಿದೆವು.

"ಇನ್ನೆಂತ ಕಾಯುದು? ಕತ್ತಲಾಗುವ ಮೊದಲು ಬಜಪೆ ವಿಮಾನ ನಿಲ್ದಾಣ ಮುಟ್ಟಬೇಕು," ಎಂದು ಉದಯಶಂಕರ ಸೀಟಿನಿಂದಲೇ ಕೂಗಿದರು.

"ಎಲೆ ಮುಗಿಯಲಿ ಮಾರಾಯ್ರೆ. ಪಂಪು ನಿಂತರೆ ನೀರಿಲ್ಲ, ಅಷ್ಟೆ. ಇದು ಮೇಲೆ ನಿಂತರೆ ನಿಮ್ಮ ಗತಿ ಎಂತ?"

ಇಷ್ಟು ಹೇಳಿ ಕುಕ್ಕಪ್ಪಣ್ಣ ಬಾಯಿಗೆ ಎಲೆ ತುಂಬಿಕೊಂಡು, ಚಕ್ರಕ್ಕೆ ಅಡ್ಡ ಇಟ್ಟಿದ್ದ ಕೆಂಪುಕಲ್ಲಿನ ಮೇಲೆ ಕುಳಿತೇಬಿಟ್ಟರು. ಆ ದೊಡ್ಡ ಮನುಷ್ಯರು ರೇಗಿದರು. ಪಂಪು ರಿಪೇರಿಯವನಿಗೆ ವಿಮಾನದ ಗಂಧಗಾಳಿ ಎಲ್ಲಿಂದ ಬರಬೇಕು ಎಂದರು. ನಮಗೂ ಮುಜುಗರವಾಯಿತು. ಇವರು ಅಗಿಯುತ್ತಲೇ ಇದ್ದರು. ಹತ್ತು ನಿಮಿಷ ಕಳೆದಿರಬೇಕು, ಎಂಜಿನು ಎರಡು ಸಲ ಕೆಮ್ಮಿ ನಿಂತಿತು.

ಉದಯಶಂಕರ ಗಡಿಯಾರ ನೋಡಿಕೊಂಡರು. ಆಗಲೇ ಹೊರಟಿದ್ದರೆ ಅವರಿಬ್ಬರೂ ಆ ಹೊತ್ತಿಗೆ ಉಪ್ಪಿನಂಗಡಿ ದಾಟಿ, ಇಳಿಯಲು ಅಂಗೈಯಗಲ ಜಾಗವಿಲ್ಲದ ಕಾಡುಗುಡ್ಡಗಳ ಮೇಲೆ ಇರುತ್ತಿದ್ದರು.

"ತಪ್ಪಿದ್ದು ನನಗೆ. ನಿಂತದ್ದು ಕಸದಿಂದ ಅಲ್ಲ," ಎಂದು ಎಲೆ ಉಗುಳಿ ಎದ್ದ ಕುಕ್ಕಪ್ಪಣ್ಣ ರೆಕ್ಕೆಯ ಮೇಲಿನ ಟ್ಯಾಂಕಿನ ಮುಚ್ಚಳ ತಿರುಗಿಸಿದರು, ಗಾಳಿ ಸುಯ್ಯೆಂದು ಒಳನುಗ್ಗಿತು. ಗಾಳಿಯಾಡದ ಟ್ಯಾಂಕಿನಿಂದ ಪೆಟ್ರೋಲು ಇಳಿಯುವುದಿಲ್ಲ. ಪಂಪುಸೆಟ್ಟಿನ ಮುಚ್ಚಳದ ತೂತು ಕಟ್ಟಿಕೊಂಡಾಗಲೂ ಇದೇ ಕತೆ. ಅದಕ್ಕೆಂದೇ ಇಟ್ಟುಕೊಂಡಿದ್ದ ಕೊಡೆಯ ಕಡ್ಡಿಯನ್ನು ರೆಕ್ಕೆಯಡಿಯ ಗಾಳಿಕೊಳವೆಗೆ ತೂರಿಸಿದಾಗ, ಕಣಜವೊಂದು ಕಟ್ಟಿದ್ದ ಮಣ್ಣಿನ ಗೂಡು ಪುಡಿಪುಡಿಯಾಗಿ ಅವರ ಅಂಗೈಗೆ ಬಿತ್ತು.

ಎಂಜಿನು ಮತ್ತೆ ಸುರುವಾಯಿತು. ಕುಕ್ಕಪ್ಪಣ್ಣ ಮತ್ತೊಂದು ಎಲೆಗೆ ಸುಣ್ಣ ಹಚ್ಚತೊಡಗಿದರು. ಉದಯಶಂಕರ ಕಿಟಕಿಯಿಂದ ಕೈ ಚಾಚಿದರು: "ನನಗೂ ಒಂದು ಕೊಡಿ." ಕಾಲು ಗಂಟೆ ಇಬ್ಬರೂ ಅಗಿದರು. ಕೊನೆಗೆ "ಸರಿಯಾಯ್ತು" ಎಂಬ ಮಾತು ಬಂತು, ಕಲ್ಲು ಸರಿಯಿತು. ಸುಖವಾಗಿ ಮುಟ್ಟಿದೆವೆಂದು ಮರುದಿನ ದರ್ಬೆಗೆ ತಂತಿ ಬಂತು.

ದೊಡ್ಡವರ ಅವಸರಕ್ಕೂ ನಮ್ಮಂಥವರ ಚಪ್ಪಾಳೆಗೂ ಬಗ್ಗದೆ, ತಮ್ಮ ಕೆಲಸವನ್ನು ತಾವೇ ಶಂಕಿಸುತ್ತ ಕಾಯಬಲ್ಲ ಇಂಥ ಕುಶಲಿಗಳು ಊರಿಗೊಬ್ಬರೋ ಇಬ್ಬರೋ ಇರುತ್ತಾರೆ. ನಾವು ಕ್ಷೇಮವಾಗಿ ಮನೆ ಸೇರಿದ ಎಷ್ಟೋ ಸಂಜೆಗಳ ಹಿಂದೆ ಅಂಥವರೊಬ್ಬರ ಹಟವಿರುತ್ತದೆ, ಅದು ನಮಗೆ ತಿಳಿದೇ ಇರುವುದಿಲ್ಲ. ಅಂದು ನನಗೆ ತಿಳಿಯಿತು. ಆ ಹಟ ನಮ್ಮೂರಿನದೆಂದು ಹೇಳುವಾಗ ಇಂದಿಗೂ ನನ್ನ ಎದೆಯುಬ್ಬುತ್ತದೆ.