ಮೂವತ್ತನಾಲ್ಕು ಇಂಚಿನ ಎದೆ

ನಾನು ಒಂದು ಅಳತೆ ಟೇಪು. ಯಾವುದೋ ಕಾರ್ಖಾನೆಯಲ್ಲಿ ಬಟ್ಟೆಯ ಪಟ್ಟಿಗೆ ಹಳದಿ ಬಣ್ಣ ಮೆತ್ತಿ, ಅಂಕಿ ಒತ್ತಿ, ಎರಡು ತುದಿಗೂ ತಗಡು ಕಚ್ಚಿಸಿದಾಗ ಹುಟ್ಟಿದೆ. ಅರಸೀಕೆರೆಯ ದರ್ಜಿ ವಿಠೋಬಣ್ಣ ನನ್ನನ್ನು ಕೊಂಡು ಕೊರಳಿಗೆ ಹಾಕಿಕೊಂಡರು. ಅಂದಿನಿಂದ ನನಗೆ ಜನರ ಮುಖಕ್ಕಿಂತ ಎದೆ, ಹೊಟ್ಟೆ, ತೋಳುಗಳದ್ದೇ ಪರಿಚಯ. ನನ್ನನ್ನು ಕಂಡರೆ ದಪ್ಪಗಿರುವವರು ಉಸಿರು ಒಳಗೆಳೆಯುತ್ತಾರೆ, ತೆಳ್ಳಗಿರುವವರು ಎದೆ ಉಬ್ಬಿಸುತ್ತಾರೆ. ಇದ್ದ ಹಾಗೆ ನಿಂತವರನ್ನು ನಾನು ಕಂಡಿಲ್ಲ.

ಅಂಗಡಿಯಲ್ಲಿ ಪ್ಯಾಂಟು ಹೊಲಿಯುತ್ತಿದ್ದ ತಿಪ್ಪೇಶನಿಗೆ ಇಪ್ಪತ್ತನಾಲ್ಕು ವರ್ಷ. ಓಟದಲ್ಲಿ ಎಲ್ಲರಿಗಿಂತ ಮುಂದು, ಮೈ ಮಾತ್ರ ಬರೀ ಮೂಳೆ. ಪೊಲೀಸ್ ಕೆಲಸದ ಲಿಖಿತ ಪರೀಕ್ಷೆ ಪಾಸಾಗಿದ್ದ. ಇನ್ನುಳಿದದ್ದು ಮೈಯ ಅಳತೆ. ಉಬ್ಬಿಸಿದ ಎದೆ ಮೂವತ್ತನಾಲ್ಕು ಇಂಚು ಮುಟ್ಟಬೇಕು. ಜಿಮ್ಮಿನವನು ತನ್ನ ಟೇಪಿನಲ್ಲಿ ಅಳೆದು ಮೂವತ್ತೆರಡೂವರೆ ಎಂದ. ಮೈ ಬೆಳೆಸುವ ಪ್ರೋಟೀನ್ ಪುಡಿಯ ಡಬ್ಬವೊಂದನ್ನೂ ಕೈಗಿಟ್ಟ. ಮುಂದಿನ ಸಲಕ್ಕೆ ತಿಪ್ಪೇಶನ ವಯಸ್ಸು ಮೀರುತ್ತಿತ್ತು.

ಅವನು ಪುಡಿಯನ್ನು ಹಾಲಿನಲ್ಲಿ ಕದಡಿ ಕುಡಿಯತೊಡಗಿದ. ತಿಂಗಳಾದ ಮೇಲೆ ನನ್ನನ್ನು ಎದೆಗೆ ಸುತ್ತಿಕೊಂಡು ಕನ್ನಡಿಯಲ್ಲಿ ನೋಡಿದ. ಮೂವತ್ತನಾಲ್ಕು!

"ಬಂತಣ್ಣ, ಪುಡಿ ಕೆಲ್ಸ ಮಾಡ್ತು!" ಎಂದು ಕುಣಿದ.

ನನಗೆ ಬಾಯಿದ್ದರೆ ಅಂದೇ ಹೇಳುತ್ತಿದ್ದೆ. ಹೇಳಿದವರು ವಿಠೋಬಣ್ಣನ ಹೆಂಡತಿ ರುಕ್ಮಾಬಾಯಿ. ಗುಂಡಿ ಹಾಕುವುದು, ಕಾಜ ಮಾಡುವುದು ಅವರ ಕೆಲಸ. ತಿಪ್ಪೇಶನ ಪ್ಯಾಂಟಿನ ಸೊಂಟವನ್ನು ಎರಡನೇ ಸಲ ಒಳಗೆ ಹಿಡಿಯುವಾಗ ಅವರಿಗೆ ಅನುಮಾನ ಬಂತು.

"ಎದೆ ಬೆಳೀತೈತೆ ಅಂತೀಯ, ಸೊಂಟ ಕರಗ್ತೈತೆ. ಮಧ್ಯಾಹ್ನದ ಬುತ್ತಿ ಎಲ್ಲೋ?"

"ಬಿಟ್ಟೆ ಕಣಕ್ಕ. ಪುಡಿಯಾಗೇ ಎಲ್ಲಾ ಐತಂತೆ."

"ಎಲ್ಲಿ, ಅಳೆದು ತೋರ್ಸು ನೋಡಾನ."

ಅವನು ಅಳೆದ. ರುಕ್ಮಾಬಾಯಿ ನಕ್ಕುಬಿಟ್ಟರು. "ಎರಡು ಬೆರಳು ಒಳಗ್ಯಾಕೆ ತೂರ್ಸಿದ್ಯೋ? ನಿಂಗೇನು ಶರ್ಟು ಹೊಲೀತಾ ಇದ್ಯಾ?"

ಬಟ್ಟೆ ಬಿಗಿಯಾಗದಿರಲಿ ಎಂದು ದರ್ಜಿಗಳು ಟೇಪಿನೊಳಗೆ ಬೆರಳಿಟ್ಟೇ ಅಳೆಯುತ್ತಾರೆ. ಅವನ ಕೈ ಅಭ್ಯಾಸದಿಂದ ಹಾಗೇ ಮಾಡಿತ್ತು. ಬೆರಳು ತೆಗೆದರೆ ಮೂವತ್ತೆರಡೂಕಾಲು. ಇದ್ದದ್ದೂ ಹೋಗಿತ್ತು! ಅವನ ಎದೆ ಡಬಡಬ ಹೊಡೆದುಕೊಂಡದ್ದು ನನ್ನ ಮೈಗೆ ತಾಗಿತು.

"ಆ ಪುಡಿ ವಿಷ ಏನಲ್ಲ ಕಣೋ" ಎಂದರು ರುಕ್ಮಾಬಾಯಿ. "ಉಂಡ ಮ್ಯಾಲೆ ಬೇಕಾದ್ರೆ ಕುಡಿ. ಊಟಾನೇ ಬಿಟ್ಟು ಕುಡಿದ್ರೆ ಮೈ ಎಲ್ಲಿಂದ ಬರ್ಬೇಕು?"

ಪೊಲೀಸರ ಅಳತೆಗೆ ಇನ್ನೂ ಐದು ತಿಂಗಳಿತ್ತು. ಬುತ್ತಿಗೆ ಮುದ್ದೆ, ಹುರುಳಿಕಾಳಿನ ಸಾರು, ಎರಡು ಮೊಟ್ಟೆ ಬಂದವು. ಸಂಜೆಗೆ ಹಿಡಿ ಕಡಲೆಕಾಯಿ. ಬೆಳಗ್ಗೆ ಗರಡಿಯವರ ಹಾಗೆ ದಂಡ ಹೊಡೆಯುತ್ತಿದ್ದ, ರಾತ್ರಿ ಬೇಗ ಮಲಗುತ್ತಿದ್ದ. ಮೊದಲ ತಿಂಗಳು ನಾನು ಅಲ್ಲಾಡಲಿಲ್ಲ. ಎರಡನೆಯದಕ್ಕೆ ಅರ್ಧ ಇಂಚು ಸರಿದೆ. ಅಷ್ಟರಲ್ಲಿ ಡಬ್ಬ ಖಾಲಿಯಾಯಿತು, ಹೊಸದು ಬರಲಿಲ್ಲ. ಎದೆ ಬೆಳೆಯುವುದು ಇನ್ನು ನಿಂತೇಬಿಡುತ್ತದೇನೋ ಎಂದು ನಾನು ಕುತೂಹಲದಿಂದ ಕಾದೆ. ನಿಲ್ಲಲಿಲ್ಲ.

ಹಾಸನದ ಮೈದಾನಕ್ಕೆ ಅವನು ನನ್ನನ್ನೂ ಜೇಬಿನಲ್ಲಿ ಒಯ್ದ. ಅಲ್ಲಿ ಅಳೆದದ್ದು ಬೇರೆ ಟೇಪು.

"ಇನ್ನೂ ಉಬ್ಸಪ್ಪ" ಎಂಬ ದನಿ ಕೇಳಿತು. ಉಸಿರೆಳೆದ ಸದ್ದು. ಆ ಟೇಪು ಬಿಗಿಯಾದ ಸದ್ದು.

"ಮೂವತ್ತನಾಲ್ಕು. ಮುಂದೆ ನಡಿ."

ವಿಠೋಬಣ್ಣ ನನ್ನನ್ನು ಅವನಿಗೇ ಕೊಟ್ಟುಬಿಟ್ಟರು. ಈಗ ನನ್ನ ಬಣ್ಣ ಉದುರಿದೆ, ಹತ್ತರವರೆಗಿನ ಅಂಕಿಗಳು ಅಳಿಸಿವೆ. ಪೊಲೀಸ್ ವಸತಿಗೃಹದ ಮೊಳೆಯೊಂದರಲ್ಲಿ ನೇತಾಡುತ್ತೇನೆ. ಎಷ್ಟು ಎಂದು ಹೇಳಬಲ್ಲೆ, ಯಾವುದರಿಂದ ಎಂದು ಹೇಳಲಾರೆ. ಮುದ್ದೆಯೋ, ದಂಡವೋ, ನಿದ್ದೆಯೋ, ಇಂದಿಗೂ ಯೋಚಿಸುತ್ತೇನೆ.

ತಿಪ್ಪೇಶ ಮಾತ್ರ ಯೋಚಿಸುವುದಿಲ್ಲ. ಮೊನ್ನೆ ಅವನ ಹೆಂಡತಿ ನನ್ನನ್ನು ಕೈಗೆತ್ತಿಕೊಂಡು, "ಬನ್ರೀ, ಹೊಟ್ಟೆ ಎಷ್ಟಾಯ್ತು ನೋಡಾನ" ಎಂದಳು. ಸಾಹೇಬರು ಟೋಪಿಯನ್ನೂ ಮರೆತು ಡ್ಯೂಟಿಗೆ ಓಡಿದರು.