ಸ್ಟೆಪ್ನಿ ಚಿಕ್ಕಣ್ಣ ಸತ್ತು ಎದ್ದಿದ್ದು

ನಾನು ಒಂದು ಓಮ್ನಿ ವ್ಯಾನು. ಮೊದಲೇ ಹೇಳಿಬಿಡುತ್ತೇನೆ, ನಾನು ಯಾವತ್ತೂ ಯಾರನ್ನೂ ಕಿಡ್ನ್ಯಾಪ್ ಮಾಡಿದವನಲ್ಲ. ಯಾವ ಪಿಕ್ಚರ್ ನೋಡಿದರೂ ಒಂದು ಬಿಳಿ ಓಮ್ನಿ ಬರ್ರನೆ ಬಂದು ನಿಲ್ಲುತ್ತದೆ, ಬಾಗಿಲು ಸರ್ರನೆ ಸರಿಯುತ್ತದೆ, ಬಸ್ ಸ್ಟಾಪಿನಲ್ಲಿ ನಿಂತ ಹುಡುಗಿ ಮಾಯ. ಬಾಗಿಲು ಪಕ್ಕಕ್ಕೆ ಸರಿಯುತ್ತದೆ ಅನ್ನುವ ಒಂದೇ ಕಾರಣಕ್ಕೆ ನಮ್ಮ ಕುಲಕ್ಕೆಲ್ಲ ಕಳ್ಳರ ಹೆಸರು. ನನಗೆ ಅದರ ಬಗ್ಗೆ ಸಿಟ್ಟಿದೆ. ಮುದಿಯಾದರೂ ಇದೆ.

ಹುಟ್ಟಿದ್ದು ದೂರದ ಉತ್ತರದಲ್ಲಿ, ಒಂದು ದೊಡ್ಡ ಕಾರ್ಖಾನೆಯಲ್ಲಿ. ಚಪ್ಪಟೆ ತಗಡಾಗಿದ್ದವನನ್ನು ಒತ್ತಿದರು, ಬಗ್ಗಿಸಿದರು, ಕಿಡಿ ಹಾರಿಸಿ ಬೆಸೆದರು, ಬಿಳಿ ಬಣ್ಣದಲ್ಲಿ ಅದ್ದಿದರು. ಸರಪಳಿ ಬಿಗಿದು ಟ್ರೈಲರ್ ಮೇಲೆ ಅರ್ಧ ದೇಶ ದಾಟಿಸಿ ತಂದು ಬೆಂಗಳೂರಿನಲ್ಲಿ ಇಳಿಸಿದರು. ಲಗ್ಗೆರೆಯ ಗೌಸ್ ಸಾಬ್ರು ನನ್ನನ್ನು ಕೊಂಡರು. ಸ್ಕೂಲು ಮಕ್ಕಳನ್ನು ಕರೆದೊಯ್ಯುವ ಕೆಲಸ ಅವರದು. ಇಷ್ಟೇ ಜಾಗದಲ್ಲಿ ಅಷ್ಟು ಮಕ್ಕಳನ್ನು ಹೇಗೆ ತುಂಬುತ್ತಿದ್ದರೋ, ಒಂದೊಂದು ದಿನ ನನಗೇ ಉಸಿರು ಕಟ್ಟುತ್ತಿತ್ತು. ಆಮೇಲೆ ಸ್ಕೂಲುಗಳೆಲ್ಲ ಸ್ವಂತ ಬಸ್ಸು ಇಟ್ಟುಕೊಂಡವು. ಸಾಬ್ರ ಮಂಡಿಯೂ ಸವೆದು ಕ್ಲಚ್ ತುಳಿಯಲಾಗದೆ ಹೋಯಿತು. ನಾನು ಅವರ ಮನೆ ಮುಂದಿನ ಹೊಂಗೆ ಮರದ ಕೆಳಗೆ ನಿಂತೆ. ನಿಂತ ಗಾಡಿಗೆ ಮರ್ಯಾದೆ ಇಲ್ಲ. ಕಾಗೆಗಳು ಮಾಡಬಾರದ್ದನ್ನೆಲ್ಲ ನನ್ನ ತಲೆಯ ಮೇಲೇ ಮಾಡಿದವು.

ನನ್ನನ್ನು ಎಬ್ಬಿಸಿದ್ದು ಸಾಬ್ರ ಮಗಳು ಶಬೀನಾ. ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋದಲ್ಲಿ ಅವಳಿಗೆ ಕೆಲಸ. ಒಂದು ಭಾನುವಾರ ಅವಳು ಒಬ್ಬ ಹುಡುಗನನ್ನು ಕರೆದುಕೊಂಡು ಬಂದಳು. ಹೆಸರು ಮರಿಸ್ವಾಮಿ. ಎಲ್ಲರೂ ಮರಿ ಅನ್ನುತ್ತಿದ್ದರು. ಪೀಣ್ಯದ ಲೇತ್ ಶಾಪಿನಲ್ಲಿ ದುಡಿಯುವವನು, ಒಂಬತ್ತನೇ ಕ್ಲಾಸಿಗೆ ಪುಸ್ತಕ ಮುಚ್ಚಿದವನು. ಉಗುರಿನ ಸಂದಿಯಲ್ಲಿ ಗ್ರೀಸು, ಮೂಗಿನ ತುದಿಯಲ್ಲಿ ಕೋಪ. ಅವನು ನನ್ನ ಸುತ್ತ ಒಂದು ಸುತ್ತು ಬಂದು, ನನ್ನ ಚಪ್ಪಟೆ ಮೂತಿಗೆ ಕೈ ಊರಿ ಹೇಳಿದ:

"ದೊಡ್ಡ ಪಿಕ್ಚರ್‌ಗಳಲ್ಲಿ ರೌಡಿ ನಡೆದ್ರೆ ಧೂಳು ಏಳುತ್ತೆ ಶಬೀನಾ. ನಮ್ಮ ರೋಡಲ್ಲಿ ರೌಡಿ ನಡೆದ್ರೆ ಚಪ್ಪಲಿ ಕಿತ್ತೋಗುತ್ತೆ. ನಾನು ಆ ಕಿತ್ತೋದ ಚಪ್ಪಲೀನ ತೋರಿಸ್ಬೇಕು."

ನನಗೆ ಆ ಕ್ಷಣವೇ ಅವನು ಇಷ್ಟವಾದ.

ಅವನ ಪಿಕ್ಚರ್ ಚಿಲ್ಲರೆ ರೌಡಿಗಳದ್ದು. ಕಾರ್ಪೊರೇಟರ್ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟುವವರು, ಯಾರದೋ ಸೈಟು ಜಗಳದಲ್ಲಿ ಗುಂಪಿಗೆ ಗುಂಪಾಗಿ ನಿಲ್ಲುವವರು, ಬಾಸ್ ಮಾಡಿದ್ದಕ್ಕೆ ತಾವು ಜೈಲಿಗೆ ಹೋಗಿ ಕೂರುವವರು. ಹೀರೋ ಆಗಿ ಮರಿ ಹಿಡಿದು ತಂದದ್ದು ಅಂಥವನನ್ನೇ, ಸ್ಟೆಪ್ನಿ ಚಿಕ್ಕಣ್ಣನನ್ನು. ಐವತ್ತು ದಾಟಿದ ಮನುಷ್ಯ, ಮುಂದಿನ ಎರಡು ಹಲ್ಲಿಲ್ಲ. ಹಿಂದೆ ಗ್ಯಾಂಗು ಎಲ್ಲಿಗೆ ಹೊರಟರೂ ಒಬ್ಬ ಹೆಚ್ಚಿಗೆ ಇರಲಿ ಎಂದು ಇವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರಂತೆ. ಇಳಿಸುತ್ತಿದ್ದದ್ದು ಕಡಿಮೆ. ಗಾಡಿಯ ಹೆಚ್ಚುವರಿ ಚಕ್ರದ ಹಾಗೆ. ಹಾಗಾಗಿ ಸ್ಟೆಪ್ನಿ. ಸ್ಟೇಷನ್ನಿನ ರೌಡಿ ಪಟ್ಟಿಯಲ್ಲಿ ಮಾತ್ರ ಅವನ ಹೆಸರು ಎಲ್ಲರ ಹೆಸರಿನಷ್ಟೇ ದಪ್ಪಗಿತ್ತು.

ನನಗೂ ಒಂದು ಪಾತ್ರ ಇತ್ತು, ಗ್ಯಾಂಗಿನ ಗಾಡಿ. ಆದರೆ ನನ್ನ ನಿಜವಾದ ಕೆಲಸ ಕ್ಯಾಮೆರಾದ ಹಿಂದೆ. ದೊಡ್ಡವರು ಹಳಿ ಹಾಸಿ, ಅದರ ಮೇಲೆ ಟ್ರಾಲಿ ಇಟ್ಟು ಕ್ಯಾಮೆರಾ ಓಡಿಸುತ್ತಾರೆ. ಇವರ ಟ್ರಾಲಿ ನಾನು. ಇಂಜಿನ್ ಬಂದ್ ಮಾಡಿ, ಗೇರ್ ಬಿಡಿಸಿ, ನಾಲ್ಕೂ ಚಕ್ರದ ಗಾಳಿಯನ್ನು ಅರ್ಧ ಇಳಿಸುತ್ತಿದ್ದರು. ಮೆತ್ತಗಾದ ಟೈರು ಕಲ್ಲು ಗುಂಡಿಗಳನ್ನು ತಾನೇ ನುಂಗಿಕೊಳ್ಳುತ್ತದೆ, ಕ್ಯಾಮೆರಾ ಅಲುಗುವುದಿಲ್ಲ. ಬಾಗಿಲಿನಲ್ಲಿ ಕಾಲು ಇಳಿಬಿಟ್ಟು ಶಬೀನಾ ಕೂರುತ್ತಿದ್ದಳು, ತೊಡೆಯ ಮೇಲೆ ರಾಗಿ ತುಂಬಿದ ಸಣ್ಣ ಮೂಟೆ, ಅದರ ಮೇಲೆ ಕ್ಯಾಮೆರಾ. ಮರಿ ಮತ್ತು ಅವನ ಲೇತ್ ಶಾಪಿನ ಗೆಳೆಯರು ಹಿಂದಿನಿಂದ ತಳ್ಳುತ್ತಿದ್ದರು. ಸದ್ದೇ ಇರುತ್ತಿರಲಿಲ್ಲ. ಮೈಯಲ್ಲಿ ಇಂಜಿನ್ ಇದ್ದೂ ಸುಮ್ಮನೆ ಜಾರಿಕೊಂಡು ಹೋಗುವ ಆ ಸುಖ ನನಗೆ ಹಿಂದೆ ಗೊತ್ತಿರಲಿಲ್ಲ.

ಮತ್ತೆ ಅವರು ತೆಗೆದ ಸೀನುಗಳಾದರೂ ಎಂಥವು! ನಾಲ್ಕು ಜನ ರೌಡಿಗಳು, ಎರಡು ಟೀ. ಬೈ ಟು ಮಾಡಿದಾಗ ಯಾರ ಲೋಟಕ್ಕೆ ಕಡಿಮೆ ಬಂತು ಅನ್ನುವ ಜಗಳ. ಅಷ್ಟೇ ಸೀನು. ಆ ಜಗಳ ನಿಧಾನಕ್ಕೆ ಬೆಳೆದು, ಜೈಲಿಗೆ ಯಾರು ಎಷ್ಟು ಸಲ ಹೋದರು ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ, ಟೀ ಆರಿಹೋಗುತ್ತದೆ. ಒಂದೂ ಏಟು ಬೀಳುವುದಿಲ್ಲ. ಆದರೂ ನೋಡುತ್ತಿದ್ದ ನನಗೆ ಸ್ಟೀರಿಂಗು ಬಿಗಿಯಾಯಿತು. ನೂರು ಗಾಡಿಗಳನ್ನು ಗಾಳಿಗೆ ಹಾರಿಸುವವರು ಇದನ್ನು ಮಾಡಲಿ ನೋಡೋಣ.

ಉಳಿದದ್ದು ಕೊನೆಯ ಸೀನು. ಅದರಲ್ಲಿ ಹೀರೋ ಸಾಯಬೇಕು. ಅಲ್ಲಿ ಬಂತು ತಕರಾರು.

ಸಿನಿಮಾ ಮಂದಿಯಲ್ಲಿ ಒಂದು ಪದ್ಧತಿ ಉಂಟು. ಸಾಯುವ ಸೀನು ಮಾಡಿದವನು "ಕಟ್" ಅಂದ ಕೂಡಲೇ ಎದ್ದು ಕ್ಯಾಮೆರಾ ನೋಡಿ ನಗಬೇಕು. ಆ ನಗುವನ್ನೂ ಚಿತ್ರ ಹಿಡಿಯಬೇಕು. ಹಿಡಿಯದಿದ್ದರೆ ಸಾವು ಕ್ಯಾಮೆರಾದ ಒಳಗೇ ಉಳಿದು ಆ ಮನುಷ್ಯನನ್ನು ಕರೆಯುತ್ತದೆ ಎಂದು ನಂಬಿಕೆ. ಚಿಕ್ಕಣ್ಣನ ತಾಯಿ ಸಿದ್ದಮ್ಮನಿಗೆ ಇದನ್ನು ಯಾರೋ ಹೇಳಿದ್ದರು.

"ಡೈರೆಕ್ಟ್ರೇ, ಸಾಯ್ತೀನಿ," ಅಂದ ಚಿಕ್ಕಣ್ಣ. "ಆದ್ರೆ ಎದ್ದು ನಗೋದನ್ನೂ ತಗೀಬೇಕು. ಅವ್ವಂಗೆ ಮಾತು ಕೊಟ್ಟಿದ್ದೀನಿ."

"ಮೂಢನಂಬಿಕೆ ಅಣ್ಣ ಇದೆಲ್ಲ."

"ನೀನು ನಂಬಬೇಡ ಬಿಡು. ಕ್ಯಾಮೆರಾ ಆನ್ ಇಟ್ಕೊ, ಸಾಕು."

ಮರಿ ಒಪ್ಪಿದ. ಭಾನುವಾರದ ಮಧ್ಯಾಹ್ನ, ಕಾರ್ಖಾನೆಗಳೆಲ್ಲ ಶಟರ್ ಎಳೆದ ಒಂದು ಗಲ್ಲಿ. ಪರ್ಮಿಷನ್ ಗಿರ್ಮಿಷನ್ ಏನೂ ಇರಲಿಲ್ಲ. ಏಟು ತಿಂದ ಚಿಕ್ಕಣ್ಣ ಹೊಟ್ಟೆ ಹಿಡಿದುಕೊಂಡು ಗೋಡೆ ಸವರುತ್ತಾ ಬೀದಿ ನಲ್ಲಿಯ ತನಕ ನಡೆಯಬೇಕು, ನೀರು ಸಿಗುವ ಮೊದಲೇ ಬೀಳಬೇಕು. ಪಕ್ಕದಲ್ಲಿ ನಾನು ಸದ್ದಿಲ್ಲದೆ ಜಾರುತ್ತಾ ಬಂದೆ. ಸಕ್ಕರೆ ಪಾಕಕ್ಕೆ ಬಣ್ಣ ಕಲಸಿದ ರಕ್ತ ಅವನ ಅಂಗಿಯಿಂದ ತೊಟ್ಟಿಕ್ಕುತ್ತಿತ್ತು. ನಲ್ಲಿ ಹತ್ತಿರ ಬಂದ. ಬೀಳಲಿಲ್ಲ. ನಿಂತ. ಒಂದು ಚಪ್ಪಲಿ ಬಿಟ್ಟ. ಇನ್ನೊಂದು ಬಿಟ್ಟ. ಎರಡನ್ನೂ ಕಾಲಿನಿಂದಲೇ ಗೋಡೆಯ ಪಕ್ಕಕ್ಕೆ ಜೋಡಿಸಿ ಇಟ್ಟ. ಆಮೇಲೆ ಮನೆಗೆ ಬಂದವನ ಹಾಗೆ ಮಲಗಿದ.

ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಹಿಂದೆ ನಿಂತ ಮರಿ ತನ್ನ ಮುಂಗೈ ಕಚ್ಚಿಕೊಂಡ. ಕಟ್ ಹೇಳುವುದನ್ನೇ ಮರೆತ.

ಅಷ್ಟರಲ್ಲಿ ಗಲ್ಲಿಯ ಆ ತುದಿಯಲ್ಲಿ ಪೊಲೀಸರ ಹೊಯ್ಸಳ ಗಾಡಿ ತಿರುಗಿತು. ಮಹಡಿಯ ಮೇಲಿನಿಂದ ಯಾರೋ ನೋಡಿ, ಕೊಲೆಯಾಗಿದೆ ಎಂದು ಫೋನ್ ಮಾಡಿದ್ದರು.

"ಎತ್ರೋ ಅಣ್ಣನ್ನ!" ಎಂದು ಮರಿ ಕೂಗಿದ. ಚಿಕ್ಕಣ್ಣನನ್ನು ಹೊತ್ತು ನನ್ನೊಳಗೆ ಹಾಕಿದರು, ಬಾಗಿಲು ಸರ್ರನೆ ಎಳೆದರು. ಕಿಡ್ನ್ಯಾಪ್ ಮಾಡಿದವನಲ್ಲ ಅಂದೆನಲ್ಲ, ಅವತ್ತು ಆ ಕರ್ಮವೂ ಆಯಿತು. ಗಾಡಿ ಸ್ಟಾರ್ಟ್ ಆಯಿತು. ಆದರೆ ಟೈರಿನಲ್ಲಿ ಅರ್ಧ ಗಾಳಿ! ಕುಡಿದವನ ಹಾಗೆ ತೊನೆದಾಡಿಕೊಂಡು ಹೋದೆ. ಹೊಯ್ಸಳದವರು ಅವಸರವೇ ಇಲ್ಲದೆ ಮುಂದೆ ಬಂದು ಅಡ್ಡ ನಿಲ್ಲಿಸಿದರು.

ಒಬ್ಬ ಪೇದೆ ಬಾಗಿಲು ಸರಿಸಿದ. "ಅಯ್ಯೋ, ನಮ್ಮ ಸ್ಟೆಪ್ನಿ ಅಲ್ವೇನ್ರೀ ಇವ್ನು? ಲೇ ಸ್ಟೆಪ್ನಿ! ಲೇ!"

ಚಿಕ್ಕಣ್ಣ ಮಿಸುಕಲಿಲ್ಲ. ಪೇದೆಯ ಮುಖದ ಬಣ್ಣ ಇಳಿಯಿತು. ಅವನು ಬಗ್ಗಿ ಮೂಗಿನ ಹತ್ತಿರ ಬೆರಳಿಟ್ಟ.

ಶಬೀನಾ ಪಿಸುಗುಟ್ಟಿದಳು. "ಮರಿ, ನೀನು ಕಟ್ ಹೇಳಿಲ್ಲ ಕಣೋ."

"ಕ... ಕಟ್ ಅಣ್ಣ."

ಚಿಕ್ಕಣ್ಣ ಒಂದು ಕಣ್ಣು ತೆರೆದ. ಖಾಕಿ ಕಂಡಿತು. ಮತ್ತೆ ಮುಚ್ಚಿಕೊಂಡ.

ಪೊಲೀಸರು ನಕ್ಕರು, ಆಮೇಲೆ ಬೈದರು. ಪರ್ಮಿಷನ್ ಇಲ್ಲದೆ ಈ ಕಡೆ ತಲೆ ಹಾಕಿದರೆ ಒಳಗೆ ಹಾಕುತ್ತೇವೆ ಎಂದರು. ಎಲ್ಲರೂ ತೆಪ್ಪಗೆ ಮನೆಗೆ ಬಂದರು. ಚಿಕ್ಕಣ್ಣ ಎದ್ದು ನಗುವುದನ್ನು ಮಾತ್ರ ಯಾರೂ ತೆಗೆಯಲಿಲ್ಲ.

ಮಾರನೆಯ ದಿನ ಅವನಿಗೆ ಜ್ವರ. ಡಾಕ್ಟರ್ ಮಾತ್ರೆ ಕೊಟ್ಟರು, ಇಳಿಯಲಿಲ್ಲ. ಊಟ ಬಿಟ್ಟ. ನೋಡಲು ಹೋದ ಶಬೀನಾಗೆ, "ನಾನು ಇನ್ನೂ ಆ ನಲ್ಲಿ ಹತ್ರಾನೇ ಮಲಗಿದ್ದೀನಿ ಕಣಮ್ಮ" ಅಂದನಂತೆ. ವಾರ ಕಳೆಯುವಷ್ಟರಲ್ಲಿ ಸಿದ್ದಮ್ಮ ಕೋಲೂರಿಕೊಂಡು ಹೊಂಗೆ ಮರದ ಕೆಳಗೆ ಬಂದು ನಿಂತಳು. ಮರಿ ನನ್ನ ಟೈರಿಗೆ ಪಂಪು ಹೊಡೆಯುತ್ತಿದ್ದ.

"ನನ್ ಮಗನ್ನ ಸಾಯ್ಸಿ ಹಂಗೇ ಬಿಟ್ಟೋದ್ಯೇನೋ? ಎಬ್ಸೋರು ಯಾರು?"

"ಅಜ್ಜಿ, ಅದು ಭಯಕ್ಕೆ ಬಂದಿರೋ ಜ್ವರ. ನಗು ಶೂಟ್ ಮಾಡಿದ್ರೆ ಜ್ವರ ಬಿಡುತ್ತಾ? ಅಲ್ಲದೆ ನನ್ನ ಕಥೆಯಲ್ಲಿ ಅವನು ಸಾಯ್ಲೇಬೇಕು. ರೌಡಿ ಅಂದ್ಮೇಲೆ..."

"ದೊಡ್ಡ ರೌಡಿಗಳು ಸಾಯ್ತಾರೆ ಕಣಪ್ಪ. ಪೇಪರ್ನಲ್ಲಿ ಫೋಟೋ ಹಾಕ್ತಾರೆ. ನನ್ ಮಗ ಚಿಲ್ಲರೆ. ಚಿಲ್ಲರೆಯೋರು ಸಾಯಕಿಲ್ಲ, ಸಕ್ಕರೆ ಕಾಯ್ಲೆ ಬಂದು ಮುದುಕರಾಯ್ತಾರೆ. ಅವನ ಪಾಲಿಗೆ ಇರೋದು ಅದೊಂದೇಯ. ಅದನ್ನೂ ಕಿತ್ಕೋಬ್ಯಾಡ."

ಮರಿಗೆ ಸಿಟ್ಟು ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಪಂಪು ಕೆಳಗಿಟ್ಟು ಸಾಬ್ರ ಮನೆಯ ಬಾಗಿಲಿಗೆ ಹೋದ. "ಶಬೀನಾ, ಕ್ಯಾಮೆರಾ ತಗೊ" ಎಂದು ಒಳಗೆ ಕೂಗಿದ.

ಚಿಕ್ಕಣ್ಣನನ್ನು ಕಂಬಳಿ ಹೊದಿಸಿ ಕರೆತಂದರು. ಬಣ್ಣ ಒಣಗಿದ ಅದೇ ಅಂಗಿ ಹಾಕಿಸಿ, ಪೊಲೀಸರು ನೋಡಿದಾಗ ಮಲಗಿದ್ದ ಹಾಗೇ ನನ್ನೊಳಗೆ ಮಲಗಿಸಿದರು. ಮರಿ ಈ ಸಲ ಬೀದಿಗೆಲ್ಲ ಕೇಳುವಂತೆ "ಕಟ್!" ಎಂದು ಕೂಗಿದ. ಚಿಕ್ಕಣ್ಣ ಎದ್ದು ಬಾಗಿಲಲ್ಲಿ ಕೂತ. ನಗಲು ನೋಡಿದ. ಆಗಲಿಲ್ಲ. ಹಲ್ಲುನೋವು ಬಂದವನ ಹಾಗೆ ತುಟಿ ಎಳೆಯಿತು. ಗೌಸ್ ಸಾಬ್ರು ಕಿಟಕಿಯಿಂದ ಒಂದು ಜೋಕು ಹೇಳಿದರು. ಯಾರೂ ನಗಲಿಲ್ಲ. ಮತ್ತೊಮ್ಮೆ ಕಟ್, ಮತ್ತೊಮ್ಮೆ ಎದ್ದ. ನನ್ನ ಬಾಗಿಲ ಹಿಡಿ ಬಿಟ್ಟು ಕಂಬಳಿ ಎಳೆದುಕೊಂಡ.

"ಆಗ್ತಿಲ್ಲ ಅವ್ವ," ಅಂದ.

ಸಿದ್ದಮ್ಮನಿಗೆ ರೇಗಿತು. ಕ್ಯಾಮೆರಾ ಮುಂದೆಯೇ ಬಂದು ನಿಂತಳು. "ಆಗಾಕಿಲ್ಲ, ಆಗಾಕಿಲ್ಲ! ಹುಟ್ಟಿದಾಗ್ಲಿಂದ ಇದೇ ರಾಗ! ಅಷ್ಟು ವರ್ಸ ರೌಡಿ ಆಗಿದ್ದೆ, ಒಬ್ಬನ್ ಕಪಾಳಕ್ಕೆ ಒಂದೇಟು ಹೊಡ್ಯಾಕಾಗ್ಲಿಲ್ಲ. ಕಿತ್ತೋದ ನನ್ ಮಗ್ನೇ, ಪೊಲೀಸ್ನೋರು ಬಂದ್ರೆ ಓಡೋಗು ಅಂದ್ರೆ ಸತ್ತೋದವ್ನಂಗೆ ಮಲಗ್ತೀಯಲ್ಲೋ! ಸಾಯೋದಾದ್ರೂ ಒಂದೇ ಕಿತ ಸಾಯ್ತಾರೆ ಜನ, ನೀನು ಅದಕ್ಕೂ ದಿನಾ ಬಂದು ಸಾಯ್ತಿದ್ದೀಯಲ್ಲೋ!"

ಚಿಕ್ಕಣ್ಣನ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಭುಜ. ಆಮೇಲೆ ಎರಡು ಹಲ್ಲಿಲ್ಲದ ಬಾಯಿ ಪೂರ್ತಿ ತೆರೆಯಿತು. ನಕ್ಕ, ನಕ್ಕ, ನನ್ನ ಇಡೀ ತಗಡು ಅದುರುವಂತೆ ನಕ್ಕ. ಕಣ್ಣಲ್ಲಿ ನೀರು ಬಂತು. ಕೆಮ್ಮು ಬಂತು. ಸಿದ್ದಮ್ಮ ಬೆನ್ನಿಗೆ ಗುದ್ದುತ್ತಾ ಬೈಯುತ್ತಾ ತಾನೂ ನಗತೊಡಗಿದಳು. ಈ ಸಲವೂ ಮರಿ ಕಟ್ ಹೇಳುವುದನ್ನು ಮರೆತ. ಶಬೀನಾ ನಿಲ್ಲಿಸಲಿಲ್ಲ.

ಸಂಜೆಗೆ ಚಿಕ್ಕಣ್ಣ ಅನ್ನ ಸಾರು ಕೇಳಿದನಂತೆ.

ಮರಿ ಆ ನಗುವನ್ನು ಪಿಕ್ಚರಿನ ಕೊನೆಗೆ ಇಟ್ಟ. ಚಪ್ಪಲಿ ಬಿಟ್ಟು ಸಾಯುತ್ತಾನೆ, ಪರದೆ ಕಪ್ಪಾಗುತ್ತದೆ, ಆಮೇಲೆ ಈ ನಗು, ತಾಯಿಯ ಬೈಗುಳದ ಸಮೇತ. ಮೊಬೈಲಿನಲ್ಲಿ ಸಿನಿಮಾ ತೋರಿಸುವ ಯಾವುದೋ ಕಂಪನಿಯ ಆಫೀಸಿಗೆ ನಾವು ಹೋದೆವು. ನಾನು ಕೆಳಗೆ ಪಾರ್ಕಿಂಗಿನಲ್ಲಿ ನಿಂತೆ, ಶಬೀನಾ ನನ್ನೊಳಗೆ ಉಗುರು ಕಚ್ಚುತ್ತಾ ಕೂತಳು. ಮರಿ ಇಳಿದು ಬಂದು ಬಾಗಿಲನ್ನು ದಡಾರನೆ ಹಾಕಿದ.

"ಸಾವು ಸೂಪರ್ ಅಂತೆ. ನಗು ತೆಗೆದುಬಿಡ್ಬೇಕಂತೆ. ತೆಗೆದ್ರೆ ತಗೋತಾರಂತೆ."

"ನೀನೇನಂದೆ?"

"ತೆಗೆದ್ರೆ ಅವನು ಸಾಯ್ತಾನೆ ಸಾರ್ ಅಂದೆ."

"ಅವ್ರು?"

"ಯಾರು ಅಂತ ಕೇಳಿದ್ರು. ಎದ್ದು ಬಂದೆ."

ಶಬೀನಾ ನನ್ನ ಕೀ ತಿರುಗಿಸಿದಳು. ನನ್ನ ಬ್ಯಾಟರಿ ಆಗಲೇ ವೀಕು. ಆದರೂ ಒಂದೇ ಸಲಕ್ಕೆ ಸ್ಟಾರ್ಟ್ ಆದೆ. ಅವರಿಗೆ ನಾನು ಕೊಡಬಹುದಾದ ಚಪ್ಪಾಳೆ ಅದೊಂದೇ.

ಪಿಕ್ಚರನ್ನು ಲಗ್ಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ, ಕಿಟಕಿಗಳಿಗೆ ಶಾಮಿಯಾನದ ಬಟ್ಟೆ ಕಟ್ಟಿ ತೋರಿಸಿದರು. ಜನ ಬಾಗಿಲ ಹೊರಗೂ ನಿಂತಿದ್ದರು. ನಾನು ಗೇಟಿನ ಬಳಿ ನಿಂತು ಬರೀ ಸದ್ದು ಕೇಳಿದೆ. ಚಿಕ್ಕಣ್ಣ ಮಲಗುವ ಹೊತ್ತಿಗೆ ಒಳಗೆ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಯಾರೋ ಹೆಂಗಸು ಬಿಕ್ಕಿದಳು. ಆಮೇಲೆ ಆ ನಗು ಬಂತು. ಮೊದಲು ಯಾರೋ ಒಬ್ಬರು ಕಿಸಕ್ಕೆಂದರು. ನಂತರ ಇಡೀ ಮಂಟಪ ನಕ್ಕಿತು. ಶಿಳ್ಳೆ ಬಿತ್ತು. ಇಂಥ ಪಿಕ್ಚರ್ ಹುಡುಗರನ್ನು ಕೆಡಿಸುತ್ತದೆ ಎಂದು ಗೊಣಗಿದ ದೊಡ್ಡ ಮನುಷ್ಯರೊಬ್ಬರು ನನ್ನ ಪಕ್ಕದಲ್ಲೇ ಸ್ಕೂಟರ್ ಹತ್ತಿದರು. ಅವರ ಮುಖಕ್ಕೆ ಹೊಗೆ ಬಿಡೋಣ ಅನ್ನಿಸಿತು. ಕೀ ನನ್ನ ಹತ್ತಿರ ಇರಲಿಲ್ಲ.

ಮರಿ ಈಗಲೂ ಲೇತ್ ತಿರುಗಿಸುತ್ತಾನೆ, ಇನ್ನೊಂದು ಪಿಕ್ಚರಿಗೆ ಕಥೆಯನ್ನೂ ಬರೆಯುತ್ತಿದ್ದಾನೆ ಎಂದು ಕೇಳಿದ್ದೇನೆ. ನನ್ನ ಆಯಸ್ಸು ಮುಗಿಯಿತು. ಓಡಲು ಯೋಗ್ಯ ಎನ್ನುವ ಎಫ್‌ಸಿ ಸಿಗಲಿಲ್ಲ, ತಳ ತುಕ್ಕು ಹಿಡಿಯಿತು. ಗೌಸ್ ಸಾಬ್ರು ನನ್ನ ಸ್ಟೀರಿಂಗನ್ನು ಒಮ್ಮೆ ಸವರಿ ಗುಜರಿಗೆ ಕಳಿಸಿದರು. ಇಲ್ಲಿ ನನ್ನ ಸುತ್ತ ದೊಡ್ಡ ದೊಡ್ಡ ಗಾಡಿಗಳು ಬಿದ್ದಿವೆ. ಎಲ್ಲವೂ ಒಂದೇ ಬಣ್ಣ. ತುಕ್ಕಿಗೆ ದೊಡ್ಡವರು ಚಿಲ್ಲರೆಯವರು ಅಂತಿಲ್ಲ. ಆದರೆ ಸವೆದ ಟೈರಿನ ಮೇಲೆ ಒಬ್ಬ ಸಣ್ಣ ಮನುಷ್ಯನ ಪಕ್ಕದಲ್ಲಿ, ಅವನ ನಡಿಗೆಯ ವೇಗಕ್ಕೇ ಸರಿಯಾಗಿ ನಡೆದವನು ಇಲ್ಲಿ ನಾನೊಬ್ಬನೇ.

ಇವತ್ತು ಬೆಳಿಗ್ಗೆ ಗಾಡಿ ಕತ್ತರಿಸುವ ಗ್ಯಾಸ್ ಕಟ್ಟರಿನವರಿಬ್ಬರು ನನ್ನ ಮುಂದೆ ನಿಂತು ಬೀಡಿ ಹಚ್ಚಿದರು.

"ಈ ಓಮ್ನಿ ಯಾವ್ದೋ ಪಿಕ್ಚರ್‌ಗೆ ಬಂದಿತ್ತಂತೆ ಕಣ್ಲಾ."

"ಹೌದಾ? ಹೀರೋ ಯಾರು?"

"ಸ್ಟೆಪ್ನಿ ಚಿಕ್ಕಣ್ಣ."

"ಥೂ, ಅವನಾ! ಇನ್ನೂ ಇದ್ದಾನಾ ಅವ್ನು?"

"ಇರ್ದೆ ಏನು? ಸಂತೆ ಬೀದೀಲಿ ಸೊಪ್ಪು ಮಾರ್ತಾನೆ. ಒಂದು ಕಟ್ಟು ಕೊತ್ತಂಬ್ರಿ ಜಾಸ್ತಿ ಕೇಳಿದ್ದಕ್ಕೆ ಈಗ ತಾನೆ ನನ್ ಮೇಲೆ ಜಗಳಕ್ಕೆ ಬಂದ. ಮೈಯೆಲ್ಲ ಸಕ್ಕರೆ ಕಾಯ್ಲೆ, ಬಾಯಿ ಮಾತ್ರ ಜೋರು."

ಸರಿ. ಇನ್ನು ಕಟ್ಟರ್ ಹಚ್ಚಲಿ.